ಹದಿನೆಂಟು ತುಂಬಿದವರಿಗೆ ಮಾತ್ರ

"ಈ ಸಿನಿಮಾದ ಮುಂದಿನ ಭಾಗ ಬರಲಿ, ದೊಡ್ಡ ಪರದೆ ಮ್ಯಾಲೇ ತೋರಿಸ್ತೀನಿ" ಎಂದು ಶಂಕ್ರಮ್ಮ, ಅದನ್ನು ಮೊಬೈಲಿನಲ್ಲಿ ನೋಡಿದ್ದ ಮಗಳು ಶಿವಲೀಲಾಗೆ ಮಾತು ಕೊಟ್ಟು ಏಳು ವರ್ಷವಾಗಿತ್ತು. ಈಗ ಬಂದದ್ದು ಅದರ ಹಿಂದಿನ ಕತೆ. ಬಡವರ ಮಕ್ಕಳನ್ನು ಬತ್ತಿದ ಊರಿನೊಳಗೆ ಕೂಡಿಹಾಕಿ, ನೀರಿಗಾಗಿ ಸಾಯುವವರೆಗೆ ಹೊಡೆದಾಡಿಸಿ, ಉಳ್ಳವರು ನೋಡುವ ಆಟ ಹೇಗೆ ಶುರುವಾಯಿತು ಎಂಬ ಕತೆ.

ತಾಯಿ-ಮಗಳು ದುಡಿಯಲು ಬಂದ ಪರರಾಜ್ಯದ ಕೊಂಡಾಪುರದ ಮಾಲ್‌ನಲ್ಲಿ ಟಿಕೆಟ್ ನೋಡುವವನು ಶಿವಲೀಲಾಳ ಆಧಾರ್ ನೋಡಿ ತಲೆಯಾಡಿಸಿದ. ಕಾರ್ಡಿನ ಪ್ರಕಾರ ಹದಿನೇಳು, ಒಳಗೆ ಬಿಡುವಂತಿಲ್ಲ. ಹುಡುಗಿಗೆ ನಿಜಕ್ಕೂ ಹತ್ತೊಂಬತ್ತು. ಕಟ್ಟಡದ ಕೆಲಸಕ್ಕೆ ಅಲೆದು ಶಾಲೆಗೆ ತಡವಾಗಿ ಸೇರಿಸುವಾಗ, ದೊಡ್ಡವಳೆಂದು ವಾಪಸು ಕಳಿಸಿಯಾರು ಎಂದು ಅಂಜಿ ಶಂಕ್ರಮ್ಮನೇ ಎರಡು ವರ್ಷ ಕಡಿಮೆ ಬರೆಸಿದ್ದಳು.

"ಬಿಡಬೇ ಯವ್ವಾ, ಮನಿಗಿ ಹೋಗೂಣು" ಎಂದಳು ಮಗಳು.

ಸಿಟ್ಟು ಬಂದರೆ ಶಂಕ್ರಮ್ಮನಿಗೆ ಹಿಂದಿ ಬಾಯಿಗೆ ಬರುವುದಿಲ್ಲ. "ಇದೇ ಮಾಲಿಗೆ ಇಟ್ಟಂಗಿ ಹೊತ್ತಾಗ ಇಕಿಗಿ ಹನ್ನೆರಡು! ಆವಾಗ ಯಾವನೂ ಆಧಾರ್ ಕೇಳಲಿಲ್ಲಲ್ಲೋ?" ಎಂದು ಕನ್ನಡದಲ್ಲೇ ಕೂಗಿದಳು. ಸಾಲಿನಲ್ಲಿದ್ದವರು ಮೊಬೈಲ್ ಎತ್ತಿ ಅವಳ ವಿಡಿಯೋ ತೆಗೆಯತೊಡಗಿದರು. ಶಂಕ್ರಮ್ಮ ಎರಡೂ ಟಿಕೆಟನ್ನು ಅವನ ಅಂಗೈಯಲ್ಲಿ ಒತ್ತಿದಳು. "ತಗೋಪಾ, ನೀನೇ ನೋಡು. ಹುಡುಗ್ರು ಸಾಯೂದು ನೋಡುವಷ್ಟು ವಯಸ್ಸು ನಿನಗಾಗೇತಿ."

ಕೊಟ್ಟ ಮಾತು ನಡೆಯಲಿಲ್ಲ.