ಈ ವರ್ಷದ ಜೋಡಿ

ಒಂದೇ ಥರ ಕೇಳಿಸುವ ಎರಡು ಇಂಗ್ಲಿಷ್ ಪದಗಳಲ್ಲಿ ಜನ ವರ್ಷಕ್ಕೊಂದನ್ನು ಮತ ಹಾಕಿ ಉಳಿಸಿಕೊಳ್ಳಬೇಕು. ಸೋತ ಪದದ ಜೊತೆ ಅದು ಹೆಸರಿಸುವುದೂ ಲೋಕದಿಂದ ಮಾಯವಾಗುತ್ತದೆ. ಹೋದ ವರ್ಷ 'ಫ್ಲವರ್' ಬಂದಿತ್ತು: ಹೂವೋ, ಹಿಟ್ಟೋ? ಎಲ್ಲರೂ ಹೊಟ್ಟೆ ನೋಡಿಕೊಂಡರು. ಈಗ ನೀಲವ್ವ ಮುಡಿಯುವುದು ಗೋದಿಹಿಟ್ಟಿನ ಮಲ್ಲಿಗೆ.

ಈ ವರ್ಷ 'ಸನ್'. ಸೂರ್ಯನೋ, ಮಗನೋ?

ಮತದ ಸಾಲಿನಲ್ಲಿ ನೀಲವ್ವ ಮಗ ಬಸೂನ ಕೈ ಬಿಗಿಯಾಗಿ ಹಿಡಿದಿದ್ದಳು.

"ಯವ್ವಾ, ಬಿಸಲು ಭಾಳ ಐತಿ," ಎಂದ ಬಸು. ಅವನ ತಲೆಗೆ ಸೆರಗು ಹೊದಿಸಿದಳು.

ಮುಂದೆ ನಿಂತಿದ್ದ ಗೌರವ್ವನನ್ನು ಕೇಳಿದಳು: "ಅಕ್ಕಾ, ನಿನ್ನ ಮಗ ಎಲ್ಲಿ?"

ಗೌರವ್ವ ತಿರುಗಲಿಲ್ಲ. "ಮನ್ಯಾಗ ಬಿಟ್ಟು ಬಂದೀನಿ. ಅವನ ಮಾರಿ ನೋಡಿಕೋತ ಬಟನ್ ಹ್ಯಾಂಗ ಒತ್ತಲಿ?"

ನೀಲವ್ವ ಸಾಲಿನುದ್ದಕ್ಕೂ ಕಣ್ಣಾಡಿಸಿದಳು. ಮಗನನ್ನು ಕರೆತಂದವಳು ಅವಳೊಬ್ಬಳೇ.