ಹೆಸರು ಹಿಡಿಯದ ಕರೆ

ಸತ್ತವರ ದನಿ ರೇಡಿಯೋದಲ್ಲಿ ಒಂದು ತಿಂಗಳು ಸಿಗುತ್ತದೆ. ಕೇಳಲು ಯಾರ ಅಪ್ಪಣೆಯೂ ಬೇಡ, ಮಾತಾಡಲು ಲೈಸೆನ್ಸು ಬೇಕು. ಊರಲ್ಲಿ ಅದಿದ್ದದ್ದು ಹವ್ಯಾಸಿ ರೇಡಿಯೋದ ಚಿಕ್ಕಲಿಂಗಯ್ಯನಿಗೆ ಮಾತ್ರ. ಪುಟ್ಟಸಿದ್ದಮ್ಮನ ಗಂಡ ಗಬ್ಬದ ಎಮ್ಮೆಯ ಚಿಂತೆಯಲ್ಲೇ ಕಣ್ಣು ಮುಚ್ಚಿದ್ದ. ಇವತ್ತಿಗೆ ಅವನ ತಿಂಗಳು ಮುಗಿಯುತ್ತಿತ್ತು. ಅವಳು ಸೆರಗಿನಲ್ಲಿ ಕೈಯೊರೆಸಿಕೊಂಡು ಮೈಕಿನ ಮುಂದೆ ಕುಳಿತಳು.

“ಮಾತಾಡೋರೇ ಹೆಸರು ಹಿಡ್ದು ಕರೀಬೇಕು ಕಣಕ್ಕ. ಹೆಸರಿಲ್ದೆ ಕರುದ್ರೆ ಊರಿಗೆಲ್ಲ ಸಾರಿದಂಗೆ. ನನ್ ಲೈಸೆನ್ಸು ಹೋಯ್ತದೆ,” ಎಂದ ಚಿಕ್ಕಲಿಂಗಯ್ಯ.

“ಗಂಡನ್ ಹೆಸರ ಹೆಂಗಪ್ಪ ಬಾಯಲ್ಲಿ ಹೇಳದು?”

ಅವಳು ಬಹಳ ಹೊತ್ತು ತುಟಿ ಅಲುಗಿಸಿದಳು. ಹೆಸರು ಬರಲಿಲ್ಲ. ಕೊನೆಗೆ ಗುಂಡಿ ಒತ್ತಿ, ಅವನು ಬದುಕಿದ್ದಾಗ ಕರೆಯುತ್ತಿದ್ದ ಹಾಗೆಯೇ ಕರೆದಳು: “ಏನ್ರೀ, ಕೇಳುಸ್ತಾ?”

“ಏನಮ್ಮಿ?” ಎಂದಿತು ಒಂದು ದನಿ. “ಬಂದೆ ತಡಿ,” ಎಂದಿತು ಇನ್ನೊಂದು. ಆಮೇಲೆ ಸುತ್ತಲ ಊರುಗಳಲ್ಲಿ ಸತ್ತಿದ್ದ ಹತ್ತಾರು ಗಂಡಸರು ಒಟ್ಟಿಗೆ ಓಗೊಟ್ಟರು. ರೇಡಿಯೋದೊಳಗೆ ಎಲ್ಲರ ದನಿಯೂ ತಗಡು ಬಡಿದಂತೆ ಒಂದೇ ತೆರ.

“ಇದ್ರಲ್ಲಿ ನಮ್ಮೋರು ಯಾರಪ್ಪ?” ಎಂದಳು. ಚಿಕ್ಕಲಿಂಗಯ್ಯ ತಲೆಯ ಮೇಲೆ ಕೈ ಹೊತ್ತಿದ್ದ.

ಅವಳಿಗೆ ಬೇರೆ ದಾರಿ ಕಾಣಲಿಲ್ಲ. “ಎಮ್ಮೆ ಕರ ಹಾಕ್ತು,” ಎಂದಳು, ಎಲ್ಲರಿಗೂ.

ರೇಡಿಯೋದೊಳಗಿಂದ ಅಷ್ಟೂ ದನಿಗಳು ಒಂದೇ ಸಲ ಕೇಳಿದವು: “ಗಂಡೋ, ಹೆಣ್ಣೋ?”