ಚೈನಾದಲ್ಲಿ ಬಾಣಂತನ

ಪಾತ್ರೆಯ ಮುಚ್ಚಳ ತೆಗೆದ ಅಜೀಮ್ ತಕ್ಷಣ ಮುಚ್ಚಿದ. ಅನುಮಾನ ಪರಿಹಾರಕ್ಕೆಂದು ಮತ್ತೊಮ್ಮೆ ತೆಗೆದ. ಹಾಲಿನಂಥ ಸಾರಿನಲ್ಲಿ ಶುಂಠಿ, ಕಡಲೆಕಾಯಿ ಬೀಜ, ನಡುವೆ ದಪ್ಪ ಚರ್ಮದ ಎರಡು ಕಾಲು. ಚಿಕ್ಕಂದಿನಿಂದ ಕಾಲು ಸೂಪು ಕುಡಿದು ಬೆಳೆದ ಮೈಸೂರಿನವನಿಗೆ ಇವು ಕುರಿಯವಲ್ಲ ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಕೆಳಮನೆಯ ಚೀನೀ ಅಜ್ಜಿ, ಇದನ್ನು ಕುಡಿದರೆ ತಾಯಿಗೆ ಹಾಲು ಹೇಗೆ ಧಾರೆಯಾಗಿ ಇಳಿಯುತ್ತದೆ ಎಂಬುದನ್ನು ಎರಡೂ ಕೈಯಿಂದ, ಯಾವ ಸಂಕೋಚವೂ ಇಲ್ಲದೆ ಅಭಿನಯಿಸಿ ತೋರಿಸಿದರು.

ಅಜೀಮನ ಬ್ಯಾಂಕಿನ ಕೆಲಸ ಹೋದ ಮೇಲೆ ಅಮೆರಿಕದ ಜರ್ಸಿ ಸಿಟಿಯ ಹದಿನೇಳನೇ ಮಹಡಿಯಿಂದ ಎಡಿಸನ್ನಿನ ಈ ಮನೆಯ ಮೊದಲ ಮಹಡಿಗೆ ಇಳಿದವರು ಅಜೀಮ್ ಮತ್ತು ಫರ್ಹೀನ್. "ಚೈನಾದಲ್ಲಿ ಸಂಸಾರ ಹೇಗಿದೆ?" ಎಂದು ಗೆಳೆಯರು ಫೋನಿನಲ್ಲಿ ಕಿಚಾಯಿಸುತ್ತಿದ್ದರು. ಮನೆಯೊಡತಿ ಲಿನ್ ಬೆಳಿಗ್ಗೆ ರೈಲು ಹಿಡಿದಳೆಂದರೆ ಆಮೇಲೆ ಅವಳ ತಾಯಿ, ಈ ಅಜ್ಜಿಯದೇ ರಾಜ್ಯಭಾರ. ಮುಂದಿನ ಲಾನ್ ಅಗೆದು ಸೋರೆಬಳ್ಳಿ ಹಬ್ಬಿಸಿದ್ದರು. ಮೇಲಿನವರ ಕಸದ ಚೀಲ ಬಿಚ್ಚಿ ರಟ್ಟು ಬೇರೆ ಮಾಡುತ್ತಿದ್ದರು. ಇಂಗ್ಲಿಷ್ ಬಾರದ್ದು ಅವರಿಗೆ ಎಂದೂ ಅಡ್ಡ ಬಂದಂತಿರಲಿಲ್ಲ.

ಮಗು ಹುಟ್ಟಿ ಆರು ದಿನವಾಗಿತ್ತು. ಬಾಣಂತನಕ್ಕೆ ಬರಬೇಕಿದ್ದ ಫರ್ಹೀನಳ ಅಮ್ಮಿಗೆ ವೀಸಾ ಸಿಗಲಿಲ್ಲ. ಹಾಲು ಸಾಲದೆ ಮಗು ಅಳುತ್ತಿತ್ತು, ಅದನ್ನು ನೋಡಿ ತಾಯಿ ಅಳುತ್ತಿದ್ದಳು. ಹೆತ್ತ ಅರ್ಧ ಗಂಟೆಗೆ ಆಸ್ಪತ್ರೆಯಲ್ಲಿ ಐಸ್ ಹಾಕಿದ ನೀರು ಕೊಟ್ಟರೆಂದು ಕೇಳಿ ಮೈಸೂರಿನಲ್ಲಿ ಅಮ್ಮಿ ಅತ್ತಿದ್ದರು. ಆಸ್ಪತ್ರೆಯಿಂದ ಮನೆಗೆ ಬಂದ ದಿನವೇ ಅಜ್ಜಿ ಮೆಟ್ಟಿಲು ಹತ್ತಿ ಬಂದು, ಫ್ಯಾನ್ ಆರಿಸಿ, ಕಿಟಕಿ ಜಡಿದು, ಫರ್ಹೀನಳ ಕಿವಿ ಮುಚ್ಚುವಂತೆ ದುಪಟ್ಟಾ ಬಿಗಿದಿದ್ದರು. "ಥೇಟ್ ಅಮ್ಮಿನೇ ರೀ," ಎಂದಿದ್ದಳು ಅವಳು.

"ಥ್ಯಾಂಕ್ಸ್ ಹೇಳಿ ಇಸ್ಕೊಂಡುಬಿಡೋಣ. ಆಮೇಲೆ ಚೆಲ್ಲಿ, ಪಾತ್ರೆ ತೊಳೆದು ಕೊಟ್ರಾಯ್ತು," ಎಂದು ಅಜೀಮ್ ಪಿಸುಗುಟ್ಟಿದ, ಅಜ್ಜಿಗೆ ಕನ್ನಡ ಬರುತ್ತದೇನೋ ಎಂಬಂತೆ.

"ನಾಳೆ ಇನ್ನೂ ದೊಡ್ಡ ಪಾತ್ರೇಲಿ ತರ್ತಾರೆ. ಬೆಳಿಗ್ಗೆಯಿಂದ ಒಲೆ ಮುಂದೆ ನಿಂತು ಮಾಡಿದಾರೆ, ಚೆಲ್ತೀನಿ ಅಂತೀರಲ್ಲ! ನಿಜ ಹೇಳಿ," ಎಂದಳು ಮಂಚದ ಮೇಲಿನಿಂದ ಫರ್ಹೀನ್.

"ಯಾವ ಭಾಷೇಲಿ?"

ಕೆಲಸದಿಂದ ತೆಗೆದ ಪತ್ರವೇ ಕೈಗೆ ಸಿಕ್ಕಿತು. ಅದರ ಹಿಂಬದಿಯಲ್ಲಿ ಅವನು ಹಂದಿಯೊಂದನ್ನು ಬರೆದು ಅಡ್ಡಗೆರೆ ಎಳೆದ. ಆರು ವರ್ಷ ಮಂದಿಯ ಸಾಲದ ಅಪಾಯಕ್ಕೆ ಗ್ರಾಫ್ ಎಳೆದ ಕೈ, ಹಂದಿ ಇಲಿಯಂತಾಯಿತು. ಅಜ್ಜಿ ಗಾಬರಿಯಿಂದ ಪಾತ್ರೆ ಕೆಳಗಿಟ್ಟು, ಮಂಚದ ಅಡಿ ಬಗ್ಗಿ ಹುಡುಕತೊಡಗಿದರು. ಸಿಗದೆ ಎದ್ದಾಗ ಗೋಡೆಯ ಮೇಲಿನ ಅರಬ್ಬಿ ಬರಹದ ಚೌಕಟ್ಟು ಕಣ್ಣಿಗೆ ಬಿತ್ತು. ಅದನ್ನು ನೋಡಿದರು, ಪಾತ್ರೆಯನ್ನು ನೋಡಿದರು, ಚಿತ್ರವನ್ನು ತಿರುಗಿಸಿ ನೋಡಿದರು. "ಆಯ್ಯಾ!" ಎಂದು ಹಣೆ ಚಚ್ಚಿಕೊಂಡು ಪಾತ್ರೆ ಎತ್ತಿಕೊಂಡು ದಡದಡ ಇಳಿದು ಹೋದರು.

"ಬೇಜಾರಾಯ್ತು ಅವರಿಗೆ. ಇನ್ನು ಬರಲ್ಲ ಬಿಡಿ," ಎಂದು ಫರ್ಹೀನ್ ಗೋಡೆಯ ಕಡೆ ತಿರುಗಿ ಮಲಗಿದಳು. ಎರಡು ಗಂಟೆ ಕೆಳಗಿನಿಂದ ಸದ್ದಿಲ್ಲ.

ಆಮೇಲೆ ಬಾಗಿಲು ಬಡಿಯಿತು. ಅಜ್ಜಿಯ ಒಂದು ಕೈಯಲ್ಲಿ ಅಂಗಡಿಯ ಚೀಟಿ ಕೀಳದ ಹೊಸ ಪಾತ್ರೆ, ಅದರೊಳಗೆ ಹೊಸ ಚಾಕು. ಇನ್ನೊಂದು ಕೈಯಲ್ಲಿ ತೂತು ಕೊರೆದ ರಟ್ಟಿನ ಪೆಟ್ಟಿಗೆ. ತೂತಿನಿಂದ ಕೋಳಿಯೊಂದು ಅಜೀಮನನ್ನು ನೋಡುತ್ತಿತ್ತು. ಕಂಕುಳಲ್ಲಿ ಸಿಕ್ಕಿಸಿಕೊಂಡಿದ್ದ ಫೋನನ್ನು ಅವನತ್ತ ಚಾಚಿದರು.

"ಸಾರಿ ಅಜೀಮ್," ಎಂದಳು ಲಿನ್ ಆಫೀಸಿನಿಂದ, ಇಂಗ್ಲಿಷಿನಲ್ಲಿ. "ಮುಸ್ಲಿಮರು ಅಂತ ಮೊದಲೇ ಯಾಕೆ ಹೇಳಲಿಲ್ಲ ಅಂತ ಅಮ್ಮ ನನಗೆ ಬೈದರು. ಊರಲ್ಲಿ ಅಮ್ಮ ಕೆಲಸ ಮಾಡ್ತಿದ್ದ ಗಿರಣೀಲಿ ಮುಸ್ಲಿಂ ಹೆಂಗಸರಿದ್ದರಂತೆ. ಅವರ ಪಾತ್ರೆ ಬೇರೆ, ಕೋಳಿ ಅವರ ಮನೆಯವರೇ ಕೊಯ್ಯಬೇಕು. ಅದಕ್ಕೆ ನೀನೇ ಕೊಯ್ಯಬೇಕಂತೆ."

"ನಾನಾ? ಓಕ್ ಟ್ರೀ ರೋಡಲ್ಲಿ ಹಲಾಲ್ ಅಂಗಡಿ ಇದೆ, ಲಿನ್. ಕೊಯ್ದಿರೋದೇ ಸಿಗುತ್ತೆ."

ಫೋನು ಅಜ್ಜಿಯ ಕೈಗೆ ಹೋಗಿ, ಒಂದು ದೀರ್ಘ ಭಾಷಣ ಮುಗಿಸಿ, ಮತ್ತೆ ಅವನ ಕೈಗೆ ಬಂತು.

"ಬಾಣಂತಿಗೆ ಫ್ರಿಜ್ ಕೋಳಿ ತಿನ್ನಿಸೋ ಗಂಡನೂ ಒಬ್ಬ ಗಂಡನಾ ಅಂತಿದಾರೆ. ಉಳಿದದ್ದನ್ನ ನಾನು ಟ್ರಾನ್ಸ್‌ಲೇಟ್ ಮಾಡಲ್ಲ."

ಮೂವತ್ತನಾಲ್ಕು ವರ್ಷ ಕೋಳಿ ತಿಂದವನೇ ಹೊರತು ಅಜೀಮ್ ಕೊಯ್ದವನಲ್ಲ. ಹಿತ್ತಲಲ್ಲಿ ಮೆಕ್ಕಾದ ದಿಕ್ಕಿಗೆ, ಎಂದರೆ ಪಕ್ಕದವರ ಗ್ಯಾರೇಜಿನ ಕಡೆಗೆ ತಿರುಗಿ ಬಿಸ್ಮಿಲ್ಲಾ ಎಂದ. ಚಾಕುವನ್ನು ಕೋಳಿಯ ಕುತ್ತಿಗೆಯವರೆಗೆ ತಂದು ಮತ್ತೆ ಹಿಂದಕ್ಕೆಳೆದುಕೊಂಡ. ಅಜ್ಜಿ ಒಂದೇ ಕೈಯಲ್ಲಿ ಕೋಳಿಯ ಕಾಲನ್ನೂ ರೆಕ್ಕೆಯನ್ನೂ ಸೇರಿಸಿ ಹಿಡಿದು, ಇನ್ನೊಂದರಿಂದ ಅವನ ಮೊಣಕೈಗೆ ಆಧಾರ ಕೊಟ್ಟರು. ಚಾಕುವನ್ನು ಮಾತ್ರ ಕೊನೆಯವರೆಗೂ ಮುಟ್ಟಲಿಲ್ಲ.

ಸಾರು ಇಳಿಯುವ ಹೊತ್ತಿಗೆ ಮಂಚದ ಪಕ್ಕದ ಲ್ಯಾಪ್‌ಟಾಪಿನಲ್ಲಿ ಮೈಸೂರಿನ ಅಪರಾತ್ರಿಯಲ್ಲಿ ಎದ್ದು ಕೂತಿದ್ದ ಅಮ್ಮಿ ಪ್ರತ್ಯಕ್ಷರಾಗಿದ್ದರು. "ಅದರಲ್ಲಿ ಏನೇನು ಹಾಕಿದಾರಂತೆ? ಕೇಳು, ಕೇಳು!" ಕೇಳುವ ಮೊದಲೇ ಅಜ್ಜಿ ಶುಂಠಿಯ ಗೆಡ್ಡೆಯೊಂದನ್ನು ಕ್ಯಾಮೆರಾಗೆ ಹಿಡಿದರು. ಅಮ್ಮಿ ತಲೆದೂಗಿದರು. ಒಣಗಿದ ಕೆಂಪು ಹಣ್ಣು ಹಿಡಿದರು. ಅಮ್ಮಿ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿ, ಎದ್ದು ಮಾಯವಾಗಿ, ಡಬ್ಬಿಗಳ ಸಮೇತ ಬಂದು ಓಮ ತೋರಿಸಿದರು, ಅಂಟು ತೋರಿಸಿದರು. ಅಜ್ಜಿ ವಾಸನೆ ಹಿಡಿಯುವವರಂತೆ ತೆರೆಗೆ ಮೂಗು ತಾಗಿಸಿದರು. ಮಂಚದ ಮೇಲೆ ಎರಡು ಬಟ್ಟಲು ಸಾರು ಕುಡಿದ ಫರ್ಹೀನ್ ಬೆವರುತ್ತಿದ್ದಳು. ಮಗು ಎದೆಗೆ ಹಾಕಿದ ಬಾಯಿ ತೆಗೆದಿರಲಿಲ್ಲ.

"ಅಮ್ಮಿ, ಲಿನ್ ಸಂಜೆ ಬರ್ತಾಳೆ," ಎಂದ ಅಜೀಮ್ ನಡುವೆ ತಲೆ ತೂರಿಸಿ. "ಆಗ ಟ್ರಾನ್ಸ್‌ಲೇಟ್ ಮಾಡಿಸ್ತೀನಿ. ಇವರಿಗೆ ನಮ್ಮ ಮಾತು..."

"ಅಜೀಮ್ ಮಿಯಾ," ಎಂದರು ಅಮ್ಮಿ, ಅಜ್ಜಿಯ ಮುಖದಿಂದ ಕಣ್ಣು ಕದಲಿಸದೆ, "ನೀವು ಸ್ವಲ್ಪ ಆಚೆ ಹೋಗಿ. ನಾವಿಬ್ಬರೂ ಮಾತಾಡ್ತಿದೀವಿ."